ಪುನರುತ್ಥಾನ ಮತ್ತು ನಿತ್ಯಜೀವ: ಎರಡು ಕ್ರೈಸ್ತ ಪರಿಭಾಷೆಗಳ ಅರ್ಥವಿಚಾರ

ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನಕ್ಕಾಗಿ ನಮ್ಮ ಕೈಸೇರಿದ ಮಹಾಪ್ರಬಂಧವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಕನ್ನಡ ಕ್ರೈಸ್ತ ಗದ್ಯದ ವಿವೇಚನೆಯಿತ್ತು. ಅಭ್ಯರ್ಥಿ ಶ್ರಮಜೀವಿ, ಆಕರಗಳನ್ನು ಊರೂರು ಅಲೆದು ಸಂಗ್ರಹಿಸಿದ್ದರು. ಆದರೆ 'ಪುನರುತ್ಥಾನ' ಎಂಬ ಮಾತು ಮೊದಲು ಬಂದ ಪುಟದ ಅಡಿಟಿಪ್ಪಣಿಯಲ್ಲಿ 'ಎಂದರೆ ಪುನರ್ಜನ್ಮ' ಎಂದೂ, 'ನಿತ್ಯಜೀವ' ಎಂಬಲ್ಲಿ 'ಅರ್ಥಾತ್ ಮೋಕ್ಷ' ಎಂದೂ ಬರೆದಿದ್ದರು. ಅಷ್ಟಕ್ಕೇ ನಿಂತಿದ್ದರೆ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಆ ಎರಡು ಸಮೀಕರಣಗಳ ಮೇಲೆ ತೌಲನಿಕ ಅಧ್ಯಾಯವೊಂದು ಇಡಿಯಾಗಿ ನಿಂತಿತ್ತು. ಅದನ್ನು ನಾವು ಹಿಂದಿರುಗಿಸಬೇಕಾಯಿತು. ಹಿಂದಿರುಗಿಸುವಾಗ ಮುಜುಗರವೂ ಆಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಏಕೆಂದರೆ ಅಧ್ಯಾಪನದ ಮೊದಲ ವರ್ಷಗಳಲ್ಲಿ ನಾವೇ 'ಕ್ರೈಸ್ತರು ಆತ್ಮದ ಅಮರತ್ವವನ್ನು ನಂಬುತ್ತಾರೆ' ಎಂಬ ಒಂದೇ ವಾಕ್ಯದಲ್ಲಿ ವಿಷಯವನ್ನು ಮುಗಿಸಿಬಿಡುತ್ತಿದ್ದೆವು. ಅದೂ ತಪ್ಪೇ, ಬೇರೆ ಬಗೆಯ ತಪ್ಪು.

ಹೊರನಾಡಿನಲ್ಲಿ ಕುಳಿತು ಕನ್ನಡ ಸಂಶೋಧನೆ ನಡೆಸುವವರಿಗೆ ಈ ವಿಷಯ ಒಂದು ದೃಷ್ಟಿಯಿಂದ ಹೆಚ್ಚು ಹತ್ತಿರದ್ದು. ಮುಂಬಯಿ ಪುಣೆಗಳಲ್ಲಿರುವವರಿಗೆ ಮರಾಠಿ ಕ್ರೈಸ್ತ ಸಾಹಿತ್ಯವೂ, ಚೆನ್ನೈ ಹೈದರಾಬಾದುಗಳಲ್ಲಿರುವವರಿಗೆ ತಮಿಳು ತೆಲುಗುಗಳದೂ ಕೈಯಳತೆಯಲ್ಲೇ ಇರುತ್ತದೆ. ಭಾಷೆಯಿಂದ ಭಾಷೆಗೆ ಪರಿಭಾಷೆಯನ್ನು ಹೋಲಿಸಲು ಹೊರಟಾಗ ಮೂಲಕಲ್ಪನೆ ಏನೆಂಬುದು ಸ್ಪಷ್ಟವಿರದಿದ್ದರೆ ಹೋಲಿಕೆ ಗಾಳಿಯಲ್ಲಿ ಕಟ್ಟಿದ ಮನೆಯಾಗುತ್ತದೆ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಆ ಕಲ್ಪನೆಯನ್ನು ಅದರ ಹುಟ್ಟುನೆಲದಲ್ಲಿಯೇ ಇಟ್ಟು ನೋಡಲು ಯತ್ನಿಸಿದ್ದೇವೆ. ನಂಬುವುದು ಬಿಡುವುದು ಇಲ್ಲಿಯ ಪ್ರಶ್ನೆಯಲ್ಲ. ನಂಬಿದವರು ಏನನ್ನು ನಂಬಿದರು ಎಂಬುದಷ್ಟೇ ಪ್ರಶ್ನೆ.

ಮೊದಲು ಪದದಿಂದ ಆರಂಭಿಸಬಹುದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಈ ಕಲ್ಪನೆಗಿರುವ ಹೆಸರು 'ಅನಾಸ್ತಸಿಸ್'. 'ಅನ' ಎಂದರೆ ಮೇಲಕ್ಕೆ. 'ಸ್ತಸಿಸ್' ಎಂದರೆ ನಿಲ್ಲುವಿಕೆ. ಮಲಗಿದ್ದವನು ಎದ್ದು ನಿಲ್ಲುವುದು ಎಂಬುದೇ ಇದರ ಮೂಲಾರ್ಥ. ಈ 'ಸ್ತ' ಎಂಬುದೂ ಸಂಸ್ಕೃತದ 'ಸ್ಥಾ' ಧಾತುವೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಹಾಗಾಗಿ 'ಉತ್ಥಾನ' ಎಂಬುದು ಅನಾಸ್ತಸಿಸ್ ಪದಕ್ಕೆ ಅಚ್ಚಿನಲ್ಲಿ ಎರಕ ಹೊಯ್ದಂತಹ ಸಂವಾದಿ. ಲ್ಯಾಟಿನ್ನಿನ 'ರೆಸುರೆಕ್ತಿಯೊ'ದಲ್ಲಿರುವ 'ರೆ' ಎಂಬ ಪೂರ್ವಪ್ರತ್ಯಯಕ್ಕೆ 'ಪುನರ್' ಸಮನಾಗಿ ನಿಲ್ಲುತ್ತದೆ. ಕಾರ್ತಿಕ ಶುದ್ಧ ದ್ವಾದಶಿಯನ್ನು ನಮ್ಮ ಮನೆಗಳಲ್ಲಿ ಉತ್ಥಾನ ದ್ವಾದಶಿಯೆನ್ನುತ್ತೇವೆ. ಯೋಗನಿದ್ರೆಯಲ್ಲಿದ್ದ ವಿಷ್ಣು ಏಳುವ ದಿನ ಅದು. ಹೊಸ ಒಡಂಬಡಿಕೆಯಲ್ಲಿ ಬಳಕೆಯಾಗುವ ಇನ್ನೊಂದು ಗ್ರೀಕ್ ಕ್ರಿಯಾಪದಕ್ಕೂ ನಿದ್ರೆಯಿಂದ ಎಬ್ಬಿಸು ಎಂದೇ ಅರ್ಥ. ಕನ್ನಡದ 'ಏಳು' ಧಾತು ಈ ಎರಡನ್ನೂ ತನ್ನೊಳಗೆ ಸಹಜವಾಗಿ ಹಿಡಿದಿಟ್ಟುಕೊಂಡಿದೆ: ನಿದ್ದೆಯಿಂದ ಏಳುವುದೂ ಏಳುವುದೇ, ಬಿದ್ದಲ್ಲಿಂದ ಏಳುವುದೂ ಏಳುವುದೇ. ಕನ್ನಡ ಬೈಬಲಿನ 'ಸತ್ತವರೊಳಗಿಂದ ಎದ್ದ' ಎಂಬ ನುಡಿಗಟ್ಟು ಮೊದಲ ಓದಿಗೆ ವಿಚಿತ್ರವೆನಿಸಿದರೂ ಗ್ರೀಕಿಗೆ ನಿಷ್ಠವಾದದ್ದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಆರಂಭಿಸಿದ ಅನುವಾದಕಾರ್ಯವನ್ನು ಭಾಷೆಯ ಕೃತಕತೆಗಾಗಿ ಟೀಕಿಸುವುದು ರೂಢಿಯಾಗಿದೆ. ಈ ಒಂದು ಪದದ ಮಟ್ಟಿಗಾದರೂ ಕನ್ನಡದಲ್ಲಿ ನೆಲೆನಿಂತದ್ದು ಸರಿಯಾದ ಆಯ್ಕೆಯೇ. ಇಲ್ಲಿ 'ಜನ್ಮ'ದ ಸೋಂಕಿಲ್ಲ. ಇನ್ನೊಂದು ಗರ್ಭದಲ್ಲಿ ಇನ್ನೊಂದು ದೇಹವನ್ನು ತಾಳಿ ಬರುವುದಲ್ಲ; ಸತ್ತವನೇ, ತಾನಾಗಿಯೇ, ಏಳುವುದು.

ಈ ನಂಬಿಕೆ ಎಲ್ಲಿಂದ ಬಂದಿತು? ಹಳೆಯ ಒಡಂಬಡಿಕೆಯ ಬಹುಭಾಗದಲ್ಲಿ ಇದು ಇಲ್ಲವೆಂಬುದು ಹಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಪ್ರಾಚೀನ ಇಸ್ರಾಯೇಲರಿಗೆ ಸತ್ತವರೆಲ್ಲ ಹೋಗಿ ಸೇರುವ ಸ್ಥಳ 'ಷಿಯೋಲ್'. ಅದು ಕತ್ತಲೆಯ, ಮೌನದ, ದೇವರ ಸ್ತುತಿಯೂ ಕೇಳದ ನೆಲೆ. ಶಿಕ್ಷೆಯೂ ಅಲ್ಲ, ಬಹುಮಾನವೂ ಅಲ್ಲ. ಕನ್ನಡ ಬೈಬಲು ಇದನ್ನು 'ಪಾತಾಳ' ಎಂದು ಅನುವಾದಿಸಿದೆ. ವಿಷ್ಣುಪುರಾಣದಲ್ಲಿ ಪಾತಾಳಗಳನ್ನು ನೋಡಿಬಂದ ನಾರದನು ಅವು ಸ್ವರ್ಗಕ್ಕಿಂತ ರಮ್ಯವೆಂದು ಹೇಳುವ ಪ್ರಸಂಗವನ್ನು ಬಲ್ಲವರಿಗೆ ಇದು ನಗೆ ತರಿಸಬಹುದು. ಆದರೆ ಜನಬಳಕೆಯಲ್ಲಿ ಪಾತಾಳವೆಂದರೆ ಆಳ ಮತ್ತು ಕತ್ತಲೆಯೇ ಆಗಿರುವುದರಿಂದ ಅನುವಾದಕರನ್ನು ದೂರುವಂತಿಲ್ಲ. ಯೆಹೆಜ್ಕೇಲನು ಕಂಡ ಒಣ ಎಲುಬುಗಳ ಕಣಿವೆಯ ದರ್ಶನವನ್ನು ಕೆಲವರು ಪುನರುತ್ಥಾನಕ್ಕೆ ಆಧಾರವಾಗಿ ಎತ್ತಿಹೇಳುತ್ತಾರೆ. ಅಲ್ಲಿ ಎಲುಬುಗಳು ಗಡಿಪಾರಾದ ಜನಾಂಗದ ರೂಪಕವೆಂದು ಗ್ರಂಥವೇ ಸ್ಪಷ್ಟಪಡಿಸುತ್ತದೆ.

ಸತ್ತವರು ಎಚ್ಚತ್ತು ಏಳುವರು, ಕೆಲವರು ನಿತ್ಯಜೀವಕ್ಕೂ ಕೆಲವರು ನಿಂದೆಗೂ ಗುರಿಯಾಗುವರು ಎಂಬ ಮಾತು ನಿಸ್ಸಂದಿಗ್ಧವಾಗಿ ದೊರೆಯುವುದು ದಾನಿಯೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ. ಆ ಗ್ರಂಥ ಈಗಿನ ರೂಪವನ್ನು ಪಡೆದದ್ದು ಕ್ರಿ. ಪೂ. 165ರ ಸುಮಾರಿನಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕಾಲ ಇಲ್ಲಿ ಮುಖ್ಯ. ಸೆಲ್ಯೂಕಿಡ್ ಅರಸನಾದ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯರ ಧರ್ಮಾಚರಣೆಯನ್ನು ನಿಷೇಧಿಸಿ ಹಿಂಸಿಸಿದ ಕಾಲ ಅದು. ಧರ್ಮವನ್ನು ಪಾಲಿಸಿದವನಿಗೆ ದೀರ್ಘಾಯುಷ್ಯ, ಸಂತಾನ, ಸಮೃದ್ಧಿ ಎಂಬ ಹಳೆಯ ಲೆಕ್ಕಾಚಾರ ಅಲ್ಲಿ ಸಂಪೂರ್ಣವಾಗಿ ಮುರಿದುಬಿದ್ದಿತು. ಪಾಲಿಸಿದವರೇ ಪಾಲಿಸಿದ್ದಕ್ಕಾಗಿಯೇ ಸತ್ತರು. ಮಕ್ಕಬಿಯರ ಎರಡನೆಯ ಗ್ರಂಥದ 7ನೆಯ ಅಧ್ಯಾಯದಲ್ಲಿ ಒಬ್ಬ ತಾಯಿ ಮತ್ತು ಆಕೆಯ ಏಳು ಗಂಡುಮಕ್ಕಳ ಕಥೆಯಿದೆ. ನಿಷಿದ್ಧ ಮಾಂಸವನ್ನು ತಿನ್ನಲೊಪ್ಪದ ಮಕ್ಕಳನ್ನು ಅರಸನು ಒಬ್ಬೊಬ್ಬರನ್ನಾಗಿ ಚಿತ್ರಹಿಂಸೆಗೀಡುಮಾಡಿ ಕೊಲ್ಲಿಸುತ್ತಾನೆ. ಮೂರನೆಯವನು ತನ್ನ ನಾಲಗೆಯನ್ನೂ ಕೈಗಳನ್ನೂ ತಾನೇ ಮುಂದೆ ಚಾಚಿ, ಇವು ದೇವರಿಂದ ಬಂದವು, ಅವನಿಂದಲೇ ಇವನ್ನು ಮರಳಿ ಪಡೆಯುವೆನೆಂಬ ಅರ್ಥದ ಮಾತನ್ನಾಡುತ್ತಾನೆ. ನಿಮ್ಮನ್ನು ಗರ್ಭದಲ್ಲಿ ರೂಪಿಸಿದ್ದು ನಾನಲ್ಲ, ರೂಪಿಸಿದವನೇ ಮರಳಿ ಕೊಡುವನು ಎಂದು ತಾಯಿ ಮಕ್ಕಳಿಗೆ ಧೈರ್ಯ ಹೇಳುತ್ತಾಳೆ. ಪ್ರಾಟೆಸ್ಟಂಟರ ಬೈಬಲಿನಲ್ಲಿ ಈ ಗ್ರಂಥ ಸೇರಿಲ್ಲದಿರುವುದರಿಂದ ನಮ್ಮಲ್ಲಿ ಇದನ್ನು ಓದಿದವರು ಕಡಿಮೆ. ಈ ಒಂದು ಅಧ್ಯಾಯವನ್ನು ಓದದೆ ಪುನರುತ್ಥಾನವನ್ನು ಕುರಿತು ಬರೆಯಬಾರದೆಂದೇ ನಾವು ಹೇಳುತ್ತೇವೆ. ಕತ್ತರಿಸಿ ಬಿಸುಟ ಕೈ ಮರಳಿ ದೊರೆಯಬೇಕು ಎಂಬುದು ತತ್ತ್ವಜಿಜ್ಞಾಸೆಯಲ್ಲ, ನ್ಯಾಯದ ಕೂಗು. ಆತ್ಮ ಮಾತ್ರ ಉಳಿದರೆ ಸಾಲದು. ಅನ್ಯಾಯ ನಡೆದದ್ದು ದೇಹದ ಮೇಲೆ, ನ್ಯಾಯವೂ ದೇಹಕ್ಕೇ ದೊರೆಯಬೇಕು. ಕ್ರೈಸ್ತಧರ್ಮ ಹುಟ್ಟುವುದಕ್ಕೆ ಮೊದಲೇ ಈ ನಂಬಿಕೆ ಯೆಹೂದ್ಯರೊಳಗೆ ಇಂತಹ ಸಂಕಟದಲ್ಲಿ ಬೇರುಬಿಟ್ಟಿತ್ತು.

ಯೇಸುವಿನ ಕಾಲಕ್ಕೆ ಫರಿಸಾಯರು ಇದನ್ನು ಒಪ್ಪಿದ್ದರು. ದೇವಾಲಯದ ಶ್ರೀಮಂತ ಪುರೋಹಿತವರ್ಗಕ್ಕೆ ಸೇರಿದ ಸದ್ದುಕಾಯರು ಒಪ್ಪಿರಲಿಲ್ಲ. ಸದ್ದುಕಾಯರು ಯೇಸುವಿನ ಮುಂದಿಟ್ಟ ಕುಚೋದ್ಯದ ಪ್ರಶ್ನೆ ಪ್ರಸಿದ್ಧವಾಗಿದೆ: ಒಬ್ಬ ಹೆಂಗಸು ನಿಯಮದಂತೆ ಏಳು ಮಂದಿ ಸಹೋದರರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗಿ ಎಲ್ಲರೂ ಸತ್ತರೆ, ಎದ್ದ ಮೇಲೆ ಆಕೆ ಯಾರ ಹೆಂಡತಿ? ಎದ್ದವರು ಮದುವೆ ಮಾಡಿಕೊಳ್ಳುವುದಿಲ್ಲ ಎಂಬುದು ಉತ್ತರ. ಪ್ರಶ್ನೆಯಲ್ಲಿ ಅಡಗಿದ್ದ ಗ್ರಹಿಕೆಯನ್ನೇ, ಅಂದರೆ ಎದ್ದ ಬದುಕು ಈ ಬದುಕಿನ ಮುಂದುವರಿಕೆ ಎಂಬುದನ್ನೇ, ಈ ಉತ್ತರ ಅಲ್ಲಗಳೆಯುತ್ತದೆ.

ಕ್ರೈಸ್ತ ಪಠ್ಯಗಳಲ್ಲಿ ಈ ವಿಷಯದ ವಿಸ್ತಾರವಾದ ಮೊದಲ ವಿವೇಚನೆ ಸುವಾರ್ತೆಗಳಲ್ಲಿಲ್ಲ. ಅವುಗಳಿಗಿಂತ ಮೊದಲೇ, ಕ್ರಿ. ಶ. 54ರ ಸುಮಾರಿಗೆ, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿದೆ. ಕೊರಿಂಥ ಗ್ರೀಕ್ ಪಟ್ಟಣ. ಗ್ರೀಕ್ ಸಂಸ್ಕಾರದವರಿಗೆ ಆತ್ಮದ ಅಮರತ್ವ ಪರಿಚಿತ. ಪ್ಲೇಟೋನ ಪ್ರಭಾವಕ್ಕೊಳಗಾದವರಿಗೆ ದೇಹವೊಂದು ಸೆರೆಮನೆ. ಬಿಡುಗಡೆಯಾದವನು ಮರಳಿ ಸೆರೆಮನೆಗೆ ಹೋಗಲು ಏಕೆ ಆಶಿಸಬೇಕು? ಅಥೇನೆಯಲ್ಲಿ ಪೌಲನು ಮಾತನಾಡುತ್ತ ಸತ್ತವರ ಏಳುವಿಕೆಯ ಪ್ರಸ್ತಾಪಕ್ಕೆ ಬಂದೊಡನೆ ಕೆಲವರು ಗೇಲಿ ಮಾಡಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಆ ಗೇಲಿ ನಮಗೆ ಅರ್ಥವಾಗುವಂಥದು. ಅದ್ವೈತದ ಪಾಠ ಕೇಳಿ ಬೆಳೆದ ಕನ್ನಡಿಗನೂ ಅಲ್ಲಿದ್ದರೆ ಬಹುಶಃ ನಗುತ್ತಿದ್ದನು.

ಪೌಲನ ವಾದದ ಹಂದರ ಇಷ್ಟು: ಕ್ರಿಸ್ತನು ಎದ್ದದ್ದು ನಿಜವಾದರೆ ಸತ್ತವರ ಏಳುವಿಕೆ ಅಸಾಧ್ಯವೆನ್ನಲಾಗದು, ಅವನು ಮೊದಲ ಫಲ, ಉಳಿದವರು ಅನಂತರದ ಬೆಳೆ. ಯಾವ ದೇಹದಿಂದ ಏಳುವರು ಎಂಬ ಆಕ್ಷೇಪಕ್ಕೆ ಅವನು ಬೀಜದ ಉಪಮೆಯನ್ನು ಕೊಡುತ್ತಾನೆ. ಬಿತ್ತುವುದು ಬರಿಯ ಕಾಳು, ಬರುವುದು ಪೈರು. ಪೈರು ಕಾಳಿನಂತೆ ಕಾಣುವುದಿಲ್ಲ. ಹಾಗೆಂದು ಬೇರೆ ಯಾವುದೋ ಕಾಳಿನದೂ ಅಲ್ಲ. ಅನನ್ಯತೆ ಮತ್ತು ರೂಪಾಂತರ ಎರಡೂ ಏಕಕಾಲದಲ್ಲಿ ನಿಲ್ಲಬೇಕು ಎಂಬುದೇ ಈ ಉಪಮೆಯ ಸ್ವಾರಸ್ಯ. ಮುಂದಿನ ಶತಮಾನಗಳ ಚರ್ಚೆಯೆಲ್ಲ ಈ ಎರಡು ತುದಿಗಳ ನಡುವಿನ ಎಳೆದಾಟವೇ ಆಗಿದೆ.

ಇಲ್ಲಿಯೇ ಕನ್ನಡ ಓದುಗನು ಎಡವುವ ಪದವೊಂದಿದೆ. ಪೌಲನು ಎದ್ದ ದೇಹಕ್ಕೆ 'ಸೋಮ ಪ್ನ್ಯುಮಾತಿಕೋನ್' ಎನ್ನುತ್ತಾನೆ. ಕನ್ನಡದಲ್ಲಿ ಇದು 'ಆತ್ಮಿಕ ದೇಹ'ವಾಗಿದೆ. ಕೇಳಿದೊಡನೆ ನಮಗೆ ಸೂಕ್ಷ್ಮಶರೀರ, ಲಿಂಗಶರೀರಗಳ ನೆನಪಾಗುತ್ತದೆ. ಆತ್ಮದಿಂದಲೇ ಆದ, ಹೊಗೆಯಂತಹ ದೇಹವೆಂದು ತಿಳಿಯುತ್ತೇವೆ. ಗ್ರೀಕಿನ ಆ ತದ್ಧಿತ ಸಾಮಾನ್ಯವಾಗಿ ಯಾವುದರಿಂದ ಮಾಡಿದ್ದು ಎಂಬುದನ್ನಲ್ಲ, ಯಾವುದರಿಂದ ನಡೆಯುವುದು ಎಂಬುದನ್ನು ಸೂಚಿಸುತ್ತದೆ. ಎತ್ತಿನ ಗಾಡಿ ಎನ್ನುವಾಗ ಗಾಡಿ ಎತ್ತಿನಿಂದ ಮಾಡಿದ್ದೆಂದು ಯಾರೂ ತಿಳಿಯುವುದಿಲ್ಲ. ಎತ್ತು ಎಳೆಯುವ ಗಾಡಿ ಎಂದೇ ತಿಳಿಯುತ್ತಾರೆ. ಈಗಿನ ದೇಹವನ್ನು ನಡೆಸುವುದು ಸಹಜ ಪ್ರಾಣ. ಎದ್ದ ದೇಹವನ್ನು ನಡೆಸುವುದು ದೇವರ ಆತ್ಮ. ದೇಹ ಎರಡೂ ಕಡೆ ದೇಹವೇ.

ಉಡುಪಿನ ರೂಪಕವನ್ನೂ ಇಲ್ಲಿ ಗಮನಿಸಬೇಕು. ಭಗವದ್ಗೀತೆಯಲ್ಲಿ ದೇಹ ಹಳೆಯ ಬಟ್ಟೆ; ದೇಹಿಯು ಅದನ್ನು ಕಳಚಿ ಹೊಸದನ್ನು ತೊಡುತ್ತಾನೆ. ಪೌಲನಲ್ಲಿಯೂ ತೊಡುವ ಮಾತಿದೆ, ಆದರೆ ತೊಡುವುದು ಯಾರು, ತೊಡುವುದು ಏನು ಎಂಬುದು ತಿರುಗಿಹೋಗಿದೆ. ಅಲ್ಲಿ ಸಾಯುವ ದೇಹವೇ ತೊಡುವವನ ಸ್ಥಾನದಲ್ಲಿದೆ. ಅಮರತ್ವವೇ ಅದು ತೊಡುವ ಬಟ್ಟೆ. ಎರಡು ಪರಂಪರೆಗಳ ಅಂತರವನ್ನು ಒಂದೇ ರೂಪಕದ ಈ ಎರಡು ಬಳಕೆಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನಾವು ಕಂಡಿಲ್ಲ.

ಸುವಾರ್ತೆಗಳ ಕಥನಗಳನ್ನು ಹೆಚ್ಚಿನವರು ಬಲ್ಲರು. ಮಾರ್ಕನ ಅತ್ಯಂತ ಹಳೆಯ ಪೂರ್ಣ ಹಸ್ತಪ್ರತಿಗಳು ಬರಿದಾದ ಸಮಾಧಿಯಿಂದ ಹೆಂಗಸರು ಹೆದರಿ ಓಡಿಹೋದರೆಂಬಲ್ಲಿಗೆ ಮುಗಿಯುತ್ತವೆ. ಎದ್ದ ಕ್ರಿಸ್ತನನ್ನು ಅಲ್ಲಿ ಯಾರೂ ಕಾಣುವುದಿಲ್ಲ. ಲೂಕ ಯೋಹಾನರಲ್ಲಿ ಕಾಣುತ್ತಾರೆ, ಆದರೆ ಮೊದಲ ನೋಟಕ್ಕೆ ಗುರುತಿಸುವುದಿಲ್ಲ. ಮಗ್ದಲದ ಮರಿಯಳು ಅವನನ್ನು ತೋಟಗಾರನೆಂದು ತಿಳಿಯುತ್ತಾಳೆ. ಅವನು ಹೆಸರು ಹಿಡಿದು ಕರೆದಾಗಲೇ ಅವಳಿಗೆ ಗುರುತು ಹತ್ತುವುದು. ಮುಚ್ಚಿದ ಬಾಗಿಲಿನ ಕೋಣೆಯಲ್ಲಿ ಅವನು ಬಂದು ನಿಲ್ಲುತ್ತಾನೆ. ಅದೇ ವ್ಯಕ್ತಿ ಸುಟ್ಟ ಮೀನನ್ನು ತಿನ್ನುತ್ತಾನೆ, ತೋಮನಿಗೆ ಗಾಯದ ಕಲೆಗಳನ್ನು ತೋರಿಸುತ್ತಾನೆ. ಬೀಜದ ಉಪಮೆಯ ಎರಡು ತುದಿಗಳೇ ಇಲ್ಲಿ ಕಥನವಾಗಿವೆ. ಎದ್ದ ದೇಹದಲ್ಲಿ ಗಾಯ ಉಳಿದಿತ್ತು ಎಂಬ ವಿವರ ಮಾತ್ರ ಮರೆಯುವಂಥದಲ್ಲ, ನಡೆದದ್ದು ಅಳಿಸಿಹೋಗಿಲ್ಲ.

ಲಾಜರನ ಪ್ರಸಂಗವನ್ನು ಇದರೊಡನೆ ಬೆರೆಸಬಾರದು. ನಾಲ್ಕು ದಿನ ಗವಿಯಲ್ಲಿದ್ದ ಅವನು ಎದ್ದುಬಂದನು, ನಿಜ. ಆದರೆ ಬಂದದ್ದು ಇದೇ ಬದುಕಿಗೆ. ಅವನು ಮುಂದೆ ಮತ್ತೆ ಸಾಯಬೇಕಾದವನೇ. ಕನ್ನಡದ ಮಧ್ಯಕಾಲೀನ ಸಾಹಿತ್ಯವನ್ನು ಓದಿದವರಿಗೆ ಸಿರಿಯಾಳನ ಕಥೆ ತಟ್ಟನೆ ನೆನಪಿಗೆ ಬಂದೀತು. ಶಿವನಿಗೆ ಅಡುಗೆಯಾಗಿ ಬಡಿಸಲ್ಪಟ್ಟ ಮಗ ಚೀಲಾಳನು ಕರೆದೊಡನೆ ಓಡಿಬರುತ್ತಾನೆ. ಅದಕ್ಕೆ ಸಂವಾದಿಯಾಗಿ ನಿಲ್ಲಬೇಕಾದದ್ದು ಲಾಜರನ ಪ್ರಸಂಗವೇ ಹೊರತು ಯೇಸುವಿನ ಪುನರುತ್ಥಾನವಲ್ಲ. ನಮ್ಮ ಶರಣಕಥೆಗಳಲ್ಲಿ ಬರುವ ಮರುಜೀವದ ಪವಾಡಗಳನ್ನೆಲ್ಲ ಪುನರುತ್ಥಾನವೆಂದು ಕರೆಯುವ ಲೇಖನಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅವುಗಳ ಬಗೆಗೆ ಇಷ್ಟು ಹೇಳಿದರೆ ಸಾಕು.

ಇನ್ನು ನಿತ್ಯಜೀವ. ಗ್ರೀಕಿನ 'ಜೋಯೆ ಅಯೋನಿಯೋಸ್' ಎಂಬುದರಲ್ಲಿ 'ಅಯೋನ್' ಎಂದರೆ ಯುಗ. ಬರಲಿರುವ ಯುಗದ ಜೀವ ಎಂಬುದು ಅದರ ಯೆಹೂದೀ ಹಿನ್ನೆಲೆಯ ಅರ್ಥ. ಕ್ರಿ. ಶ. 381ರ ಕಾನ್‌ಸ್ಟಾಂಟಿನೋಪಲ್ ಪರಿಷತ್ತಿಗೆ ಸಂಬಂಧಿಸಿದ ವಿಶ್ವಾಸಪ್ರಮಾಣದಲ್ಲಿ ಸತ್ತವರ ಪುನರುತ್ಥಾನದ ಬೆನ್ನಿಗೇ ಈ ಬರುವ ಯುಗದ ಜೀವ ಉಕ್ತವಾಗಿದೆ. ಯೋಹಾನನ ಸುವಾರ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವರನ್ನು ಅರಿಯುವುದೇ ಆ ಜೀವವೆಂದೂ ನಂಬಿದವನಲ್ಲಿ ಅದು ಈಗಲೇ ಆರಂಭವಾಗಿದೆಯೆಂದೂ ಹೇಳುತ್ತದೆ. ಅಂದರೆ ಇದು ಬರಿಯ ಅವಧಿಯ ಮಾತಲ್ಲ. ಎಂದಿಗೂ ಮುಗಿಯದ ಆಯುಷ್ಯವಷ್ಟೇ ಆಗಿದ್ದರೆ ಅದು ವರವೋ ಶಾಪವೋ ಹೇಳಲಾಗದು. ನಮ್ಮ ಚಿರಂಜೀವಿಗಳ ಸಾಲಿನಲ್ಲಿ ಅಶ್ವತ್ಥಾಮನೂ ಇದ್ದಾನಷ್ಟೆ.

ಕನ್ನಡದ 'ನಿತ್ಯಜೀವ' ಪದ ಎರಡು ಕಡೆಗಳಿಂದ ದಾರಿ ತಪ್ಪಿಸುತ್ತದೆ. ದರ್ಶನಗಳ ಪರಿಭಾಷೆಯಲ್ಲಿ 'ನಿತ್ಯ'ವೆಂದರೆ ಆದಿಯೂ ಅಂತ್ಯವೂ ಇಲ್ಲದ್ದು. ಕ್ರೈಸ್ತರ ನಿತ್ಯಜೀವಕ್ಕೆ ಅಂತ್ಯವಿಲ್ಲ, ಆದಿಯಿದೆ. ಅದು ದಾನವಾಗಿ ದೊರೆಯುವಂಥದು. ಇನ್ನು 'ಜೀವ'ವೆಂಬುದು ದಾರ್ಶನಿಕರಿಗೆ ಚೇತನವಾಚಕ. ಮಾಧ್ವಗ್ರಂಥಗಳಲ್ಲಿ ನುರಿತ ಪಂಡಿತರೊಬ್ಬರು ಈ ಸಮಾಸವನ್ನು 'ನಿತ್ಯನಾದ ಜೀವ' ಎಂದು ವಿಗ್ರಹಿಸಿ, ಇದು ನಮ್ಮ ಸಿದ್ಧಾಂತವೇ ಎಂದು ಸಂತೋಷಪಟ್ಟದ್ದನ್ನು ನಾವು ಕೇಳಿದ್ದೇವೆ. ವಸ್ತುತಃ ಇಲ್ಲಿ 'ಜೀವ'ಕ್ಕೆ ಆಡುಗನ್ನಡದ ಅರ್ಥ, ಬದುಕು ಎಂದೇ. ಮೋಕ್ಷದೊಡನೆ ಸಮೀಕರಿಸುವವರು ಮರೆಯುವ ಅಂಶ ಬೇರೆಯದು. ಮೋಕ್ಷವೆಂದರೆ ಬಿಡುಗಡೆ, ಸಂಸಾರಚಕ್ರದಿಂದ ಬಿಡುಗಡೆ. ಚಕ್ರವೇ ಇಲ್ಲದ ಕಡೆ ಬಿಡುಗಡೆಯ ಪ್ರಶ್ನೆಯೂ ಆ ರೂಪದಲ್ಲಿ ಏಳುವುದಿಲ್ಲ. ಒಂದೇ ಜನ್ಮ, ಒಂದೇ ಮರಣ, ಒಂದೇ ಏಳುವಿಕೆ. ಮುಕ್ತಿಯಲ್ಲಿಯೂ ಜೀವರ ಭೇದ ಉಳಿಯುತ್ತದೆಂಬ ದ್ವೈತದ ನಿಲುವು ಕ್ರೈಸ್ತ ಕಲ್ಪನೆಗೆ ಸಮೀಪವೆಂದು ತೋರುವುದು ಸಹಜ. ಆದರೆ ಅಲ್ಲಿಯೂ ಮಣ್ಣಾದ ಈ ದೇಹವೇ ಏಳಬೇಕೆಂಬ ಒತ್ತಾಯವಿಲ್ಲ.

ಆ ಒತ್ತಾಯ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ಗಾಲ್ ಪ್ರಾಂತದ ಲಿಯೋನ್ ಪಟ್ಟಣದಲ್ಲಿ ಕ್ರಿ. ಶ. 177ರಲ್ಲಿ ನಡೆದ ಘಟನೆಯೇ ಸಾಕ್ಷಿ. ಇತಿಹಾಸಕಾರ ಯೂಸೇಬಿಯಸನು ಉಳಿಸಿಕೊಟ್ಟಿರುವ ಪತ್ರದ ಪ್ರಕಾರ, ಅಲ್ಲಿ ಕೊಲ್ಲಲ್ಪಟ್ಟ ಕ್ರೈಸ್ತರ ಶವಗಳನ್ನು ಆರು ದಿನ ಬಯಲಿನಲ್ಲಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿಹಾಕಿದರು. ಏಳುವ ಆಸೆಯೇ ಇವರಿಗೆ ಉಳಿಯಬಾರದು ಎಂಬುದು ಕೊಂದವರ ಉದ್ದೇಶವಾಗಿತ್ತು. ನಂಬಿಕೆಯನ್ನು ಅದರ ವೈರಿಗಳು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡ ಉದಾಹರಣೆಗಳು ವಿರಳ. ದೇಹವನ್ನು ಕೀಳೆಂದ ಜ್ಞಾನವಾದಿ ಪಂಥಗಳನ್ನು ಎದುರಿಸಬೇಕಾಗಿದ್ದ ತೆರ್ತುಲಿಯನ್ನನೇ ಮೊದಲಾದವರು ಬರಿಯ 'ದೇಹ'ವೆನ್ನದೆ 'ಮಾಂಸ'ದ ಪುನರುತ್ಥಾನವೆಂದೇ ಒತ್ತಿಹೇಳಿದರು. ಲ್ಯಾಟಿನ್ ವಿಶ್ವಾಸಪ್ರಮಾಣದಲ್ಲಿಯೂ ಆ ಪದವೇ ನೆಲೆಸಿತು. ಮೂರನೆಯ ಶತಮಾನದ ಒರಿಗನ್ ದೇಹದ ದ್ರವ್ಯ ನದಿಯ ನೀರಿನಂತೆ ಸದಾ ಹರಿದುಹೋಗುವುದರಿಂದ ಉಳಿಯುವುದು ಆಕೃತಿಯೆಂದು ವಾದಿಸಿದನು. ಅವನ ವಾದ ನಮಗೆ ಇಂದಿಗೂ ಸೂಕ್ಷ್ಮವೆನಿಸುತ್ತದೆ. ಆದರೆ ಅದು ಗೆಲ್ಲಲಿಲ್ಲ.

ಮಾಂಸವೇ ಏಳಬೇಕಾದರೆ ತೊಡಕುಗಳು ಒಂದೆರಡಲ್ಲ. ಅಗಸ್ಟೀನನು 'ದೇವನಗರ'ದ ಕೊನೆಯ, ಅಂದರೆ 22ನೆಯ ಭಾಗದಲ್ಲಿ ಅವುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾನೆ. ಗರ್ಭದಲ್ಲಿಯೇ ಸತ್ತ ಶಿಶುಗಳು ಏಳುವವೇ? ಆಯುಷ್ಯವಿಡೀ ಕತ್ತರಿಸಿ ಎಸೆದ ಕೂದಲು ಉಗುರುಗಳೆಲ್ಲ ಮರಳಿದರೆ ಗತಿಯೇನು? ಬರಗಾಲದಲ್ಲಿ ಒಬ್ಬನ ಮಾಂಸವನ್ನು ಇನ್ನೊಬ್ಬನು ತಿಂದಿದ್ದರೆ ಅದು ಯಾರಿಗೆ ಸೇರಬೇಕು? ಮೊದಲು ಯಾರಲ್ಲಿ ಅದು ಮನುಷ್ಯದೇಹವಾಗಿತ್ತೋ ಅವನಿಗೇ ಎಂದು ಅವನ ತೀರ್ಪು, ತಿಂದವನು ಸಾಲಗಾರ. ಹೆಂಗಸರು ಗಂಡಸರಾಗಿ ಏಳುವರೆಂಬ ಕೆಲವರ ಅಭಿಪ್ರಾಯವನ್ನು ಅವನು ತಳ್ಳಿಹಾಕುತ್ತಾನೆ. ಹೆಣ್ತನ ದೋಷವಲ್ಲ, ಪ್ರಕೃತಿ. ಧರ್ಮಕ್ಕಾಗಿ ಸತ್ತವರ ಗಾಯದ ಗುರುತುಗಳು ಅಲ್ಲಿ ಕುಂದಾಗಿ ಅಲ್ಲ, ಶೋಭೆಯಾಗಿ ಕಾಣಬಹುದೆಂದೂ ಹೇಳುತ್ತಾನೆ. ಇಂತಹ ಪ್ರಶ್ನೆಗಳನ್ನು ಬಾಲಿಶವೆಂದು ನಗುವುದು ಸುಲಭ. ಆದರೆ 1995ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಅಮೆರಿಕದ ಇತಿಹಾಸಜ್ಞೆ ಕೆರೊಲಿನ್ ವಾಕರ್ ಬೈನಂ ಅವರು ಕ್ರಿ. ಶ. 200ರಿಂದ 1336ರವರೆಗಿನ ಈ ಚರ್ಚೆಯನ್ನೆಲ್ಲ ಕ್ರಮವಾಗಿ ಪರಿಶೀಲಿಸಿ, ಕೂದಲು ಉಗುರುಗಳ ನೆಪದಲ್ಲಿ ನಡೆದದ್ದು ವ್ಯಕ್ತಿಯ ಅನನ್ಯತೆ ಎಲ್ಲಿದೆ ಎಂಬ ವಿಚಾರವೇ ಎಂದು ತೋರಿಸಿದ್ದಾರೆ. ವೆನಿಸ್ ಬಳಿಯ ತೊರ್ಚೆಲ್ಲೊ ದ್ವೀಪದ ಇಗರ್ಜಿಯಲ್ಲಿ ಅಂತಿಮ ತೀರ್ಪಿನ ಮೊಸಾಯಿಕ್ ಚಿತ್ರವೊಂದಿದೆ; ಅದರಲ್ಲಿ ಕಾಡುಮೃಗಗಳೂ ಮೀನುಗಳೂ ತಾವು ನುಂಗಿದ್ದ ಮನುಷ್ಯರ ಅಂಗಾಂಗಗಳನ್ನು ಕಾರುತ್ತಿವೆ. ತರ್ಕ ಅಲ್ಲಿ ಚಿತ್ರವಾಗಿದೆ.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಆತ್ಮ ದೇಹದ ಆಕಾರತತ್ತ್ವವೆಂಬ ಅರಿಸ್ಟಾಟಲನ ವಿಚಾರವನ್ನು ಬಳಸಿಕೊಂಡು, ಆತ್ಮ ಮಾತ್ರವೇ ನಾನಲ್ಲ, ಆತ್ಮ ಮಾತ್ರ ಉಳಿದರೆ ನಾನು ಉಳಿದಂತಾಗಲಿಲ್ಲ ಎಂಬ ನಿಲುವಿಗೆ ಬಂದನು. ಈ ವಿಚಾರದ ಕಾವ್ಯರೂಪವನ್ನು ದಾಂತೆಯಲ್ಲಿ ಕಾಣಬಹುದು. ಅವನ 'ಪಾರದೀಸೊ'ದ 14ನೆಯ ಸರ್ಗದಲ್ಲಿ, ಈಗಾಗಲೇ ಸ್ವರ್ಗಸುಖದಲ್ಲಿರುವ ಆತ್ಮಗಳು ದೇಹವನ್ನು ಮರಳಿ ಪಡೆಯುವ ಮಾತು ಬಂದೊಡನೆ ಹಂಬಲದಿಂದ ದನಿಗೂಡಿಸುತ್ತವೆ. ಆ ಹಂಬಲ ಬಹುಶಃ ತಮಗಾಗಿ ಮಾತ್ರವಲ್ಲ, ತಾಯಿತಂದೆಯರಿಗಾಗಿ, ಪ್ರಿಯರಾಗಿದ್ದವರಿಗಾಗಿ ಎಂದು ಕವಿ ಊಹಿಸುತ್ತಾನೆ. ಸ್ವರ್ಗದಲ್ಲಿಯೂ ಒಂದು ಕೊರತೆಯನ್ನು ಉಳಿಸಿದ ಈ ಧೈರ್ಯ ನಮ್ಮನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ.

ಮರಣಕ್ಕೂ ಪುನರುತ್ಥಾನಕ್ಕೂ ನಡುವಿನ ಕಾಲದಲ್ಲಿ ಸತ್ತವರು ಎಲ್ಲಿರುತ್ತಾರೆ? ಈ ಪ್ರಶ್ನೆಯ ಮೇಲೆ ಪೋಪನೇ ಎಡವಿದ ಪ್ರಸಂಗವಿದೆ. ಅವಿನ್ಯೋನಿನಲ್ಲಿದ್ದ 22ನೆಯ ಯೋಹಾನನು 1331ರ ಸಕಲ ಸಂತರ ಹಬ್ಬದಿಂದ ಮೊದಲ್ಗೊಂಡು ನೀಡಿದ ಪ್ರವಚನಗಳಲ್ಲಿ, ಪುನರುತ್ಥಾನ ಮತ್ತು ತೀರ್ಪಿನವರೆಗೆ ಸಂತರ ಆತ್ಮಗಳಿಗೂ ದೇವರ ಪೂರ್ಣದರ್ಶನವಿಲ್ಲವೆಂದನು. ಪ್ಯಾರಿಸ್ಸಿನ ಧರ್ಮಪಂಡಿತರು ಪ್ರತಿಭಟಿಸಿದರು. 1334ರ ಡಿಸೆಂಬರಿನಲ್ಲಿ ಮರಣಶಯ್ಯೆಯಲ್ಲಿ ಅವನು ಮಾತನ್ನು ಹಿಂತೆಗೆದುಕೊಂಡನು. ಮುಂದಿನ ಪೋಪ್ 12ನೆಯ ಬೆನೆಡಿಕ್ಟನು 1336ರ ಜನವರಿಯಲ್ಲಿ ಹೊರಡಿಸಿದ ಶಾಸನದಲ್ಲಿ, ಶುದ್ಧರಾದವರ ಆತ್ಮಗಳು ದೇಹ ಮರಳುವ ಮೊದಲೇ ದೇವರನ್ನು ಮುಖಾಮುಖಿ ಕಾಣುತ್ತವೆಂದು ನಿರ್ಣಯಿಸಿದನು. ಇದರಿಂದ ಗೊಂದಲ ತೀರಿತಾದರೂ ಒಂದು ಪರಿಣಾಮ ಉಂಟಾಯಿತೆಂದು ನಮಗೆ ತೋರುತ್ತದೆ: ಸತ್ತೊಡನೆ ಸ್ವರ್ಗವೆಂಬುದು ಜನಮನಸ್ಸಿನಲ್ಲಿ ಮುಂದೆ ಬಂದು, ಕೊನೆಯ ದಿನದ ಏಳುವಿಕೆ ಹಿನ್ನೆಲೆಗೆ ಸರಿಯಿತು. ನಮ್ಮ ಹಳೆಯ ಪಾಠದ ತಪ್ಪಿಗೆ ಈ ಜನರೂಢಿಯೂ ಒಂದು ಕಾರಣವಿರಬೇಕು. ಪ್ರಾಟೆಸ್ಟಂಟ್ ಸುಧಾರಕರು ಶುದ್ಧೀಕರಣಸ್ಥಳದ ಕಲ್ಪನೆಯನ್ನು ಕೈಬಿಟ್ಟರು. ನಡುಗಾಲವನ್ನು ಲೂಥರನು ಹಲವೆಡೆ ನಿದ್ರೆಯೆಂದು ವರ್ಣಿಸಿದರೆ ಕಾಲ್ವಿನನು ಆತ್ಮನಿದ್ರೆಯ ವಾದವನ್ನು ಖಂಡಿಸಿ ಗ್ರಂಥವನ್ನೇ ಬರೆದನು.

1955ರಲ್ಲಿ ಹಾರ್ವರ್ಡಿನಲ್ಲಿ, ಮಾನವನ ಅಮರತ್ವವನ್ನು ಕುರಿತ ದತ್ತಿ ಉಪನ್ಯಾಸದ ವೇದಿಕೆಯಿಂದಲೇ, ಆಸ್ಕರ್ ಕುಲ್‌ಮನ್ ಅವರು ಆತ್ಮ ಸ್ವಭಾವತಃ ಅಮರವೆಂಬುದು ಹೊಸ ಒಡಂಬಡಿಕೆಯ ಬೋಧನೆಯಲ್ಲವೆಂದು ವಾದಿಸಿದರು. ಶಾಂತವಾಗಿ ವಿಷ ಕುಡಿದ ಸಾಕ್ರೆಟಿಸನಿಗೆ ಸಾವು ಸ್ನೇಹಿತ. ಗೆತ್ಸೇಮನೆಯಲ್ಲಿ ನಡುಗಿದ ಯೇಸುವಿಗೆ ಸಾವು ಶತ್ರು ಎಂಬುದು ಅವರ ವಾದದ ತಿರುಳು. ಅನೇಕ ಕ್ರೈಸ್ತ ಓದುಗರೇ ಇದರಿಂದ ನೊಂದುಕೊಂಡರು. ಕುಲ್‌ಮನ್ನರು ಗ್ರೀಕ್ ಮತ್ತು ಹೀಬ್ರೂಗಳನ್ನು ಎರಡು ಮುಚ್ಚಿದ ಕೋಣೆಗಳಂತೆ ಬೇರ್ಪಡಿಸಿದ್ದು ಅತಿಯಾಯಿತೆಂದು ನಮ್ಮ ಎಣಿಕೆ. ಆ ಕಾಲದ ಯೆಹೂದೀ ಬರಹಗಳಲ್ಲಿಯೇ ಆತ್ಮದ ಅಮರತ್ವದ ಮಾತೂ ದೊರೆಯುತ್ತದೆ. ಆದರೂ ವ್ಯತ್ಯಾಸವಿದೆಯೆಂದು ಗಟ್ಟಿಯಾಗಿ ಹೇಳಿದ್ದು ಉಪಕಾರವೇ.

ಹೂಳುವ ಪದ್ಧತಿಯ ವಿಷಯದಲ್ಲಿ ಕನ್ನಡದ ಸಂಶೋಧಕರು ವಿಶೇಷವಾಗಿ ಎಚ್ಚರವಾಗಿರಬೇಕು. ವೀರಶೈವರೂ ಹೂಳುತ್ತಾರೆ, ಕ್ರೈಸ್ತರೂ ಹೂಳುತ್ತಾರೆ. ಆದರೆ ಇಷ್ಟಲಿಂಗಸಹಿತನಾಗಿ ಕುಳ್ಳಿರಿಸಿದ ಶರಣನ ಸಮಾಧಿಯಲ್ಲಿ ಕಾಯುವಿಕೆಯಿಲ್ಲ. ಲಿಂಗೈಕ್ಯವೆಂಬ ಪದವೇ ಹೇಳುವಂತೆ ಆಗಬೇಕಾದದ್ದು ಆಗಿದೆ. ಕ್ರೈಸ್ತರ ಸ್ಮಶಾನಕ್ಕಿರುವ 'ಸೆಮೆಟರಿ' ಎಂಬ ಹೆಸರು ಮಲಗುವ ಸ್ಥಳವೆಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಅಲ್ಲಿ ಇನ್ನೂ ಆಗಬೇಕಾದದ್ದಿದೆ. ಕಥೋಲಿಕ ಧರ್ಮಸಭೆ 1963ರಲ್ಲಿ ಶವದಹನಕ್ಕೆ ಇದ್ದ ನಿಷೇಧವನ್ನು ಸಡಿಲಿಸಿದಾಗಲೂ ಪುನರುತ್ಥಾನದ ನಿರಾಕರಣೆಗಾಗಿ ಅದನ್ನು ಆರಿಸಿಕೊಳ್ಳಬಾರದೆಂಬ ನಿಬಂಧನೆಯಿತ್ತು. ಬೂದಿಯನ್ನು ಚೆಲ್ಲಬಾರದೆಂದು 2016ರಲ್ಲಿ ಮತ್ತೆ ಸೂಚಿಸಲಾಯಿತು. ಸುಟ್ಟ ದೇಹವನ್ನು ದೇವರು ಎಬ್ಬಿಸಲಾರನೆಂಬ ಭಯ ಇದರ ಹಿಂದಿಲ್ಲ. ಲಿಯೋನಿನವರೇ ಆ ಭಯವನ್ನು ದಾಟಿದ್ದರು. ದೇಹಕ್ಕೆ ಸಲ್ಲಬೇಕಾದ ಗೌರವದ ಪ್ರಶ್ನೆ ಅದು.

ಕನ್ನಡ ಪ್ರಾಟೆಸ್ಟಂಟರ ಮರಣವಾರ್ತೆಗಳಲ್ಲಿಯೂ ಗೋರಿಕಲ್ಲುಗಳಲ್ಲಿಯೂ 'ಕರ್ತನಲ್ಲಿ ನಿದ್ರೆಹೋದರು' ಎಂಬ ಮಾತು ಕಾಣುತ್ತದೆ. ಇದನ್ನು ದೈವಾಧೀನರಾದರು, ಶಿವೈಕ್ಯರಾದರು ಎಂಬಂತಹ ಬರಿಯ ಸೌಮ್ಯೋಕ್ತಿಯೆಂದು ಪಟ್ಟಿಮಾಡಿದರೆ ಅರ್ಧ ಮಾತ್ರ ಹೇಳಿದಂತೆ. ನಿದ್ರೆಹೋದವರು ಎಂದ ಮೇಲೆ ಏಳುವವರು ಎಂಬುದು ಆ ವಾಕ್ಯದಲ್ಲಿಯೇ ಅಡಗಿದೆ. 1616ರಲ್ಲಿ ಗೋವೆಯ ರಾಯತೂರಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ಮರಾಠಿ ಕ್ರಿಸ್ತಪುರಾಣದಿಂದ ಹಿಡಿದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಕನ್ನಡ ಪ್ರಕಟಣೆಗಳವರೆಗೆ ಈ ನಿದ್ರೆ, ಎಚ್ಚರ, ಏಳುವಿಕೆಗಳ ಪದಸಮೂಹವನ್ನು ಒಂದೆಡೆ ಸೇರಿಸಿ ನೋಡುವುದು, ಎರಡೂ ಭಾಷೆಗಳನ್ನು ಬಲ್ಲ ಮುಂಬಯಿ ಪುಣೆಗಳ ಸಂಶೋಧಕರಿಗೆ ತಕ್ಕ ಕೆಲಸ.

ಆರಂಭದಲ್ಲಿ ಹೇಳಿದ ಪ್ರಬಂಧದ ಅಭ್ಯರ್ಥಿ ಎಂಟು ತಿಂಗಳ ಬಳಿಕ ಆ ಅಧ್ಯಾಯವನ್ನು ಹೊಸದಾಗಿ ಬರೆದು ಕಳುಹಿಸಿದರು. ಪುನರ್ಜನ್ಮದ ಮಾತು ಅದರಲ್ಲಿರಲಿಲ್ಲ. ಸಿರಿಯಾಳನ ಮಗನನ್ನೂ ಲಾಜರನನ್ನೂ ಅಕ್ಕಪಕ್ಕದಲ್ಲಿಟ್ಟು, ಇಬ್ಬರನ್ನೂ ಕರೆದ ದನಿಯ ಬಗೆಗೆ ಆರು ಪುಟ ಬರೆದಿದ್ದರು.